ನಲ್ಲಿ ನೀರಿನಲ್ಲಿ ಟ್ರೈಹ್ಯಾಲೋಮೀಥೇನ್ ಇದೆಯಂತೆ, ಕುಡಿಯಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆಗೆ ಬರುವುದು ನದಿ ನೀರನ್ನು ಶುದ್ಧೀಕರಿಸಿ ಬಿಡುವ ನಲ್ಲಿ ನೀರು. ಕೆಲವು ದಿನಗಳಿಂದ ಕ್ಲೋರಿನ್ ವಾಸನೆ ಜಾಸ್ತಿ ಅನ್ನಿಸಿ ಖಾಸಗಿ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದೆ. ಲೀಟರಿಗೆ ಕ್ಲೋರೋಫಾರ್ಮ್ 46, ಬ್ರೋಮೋಡೈಕ್ಲೋರೋಮೀಥೇನ್ 14, ಡೈಬ್ರೋಮೋಕ್ಲೋರೋಮೀಥೇನ್ 4, ಒಟ್ಟು ಟ್ರೈಹ್ಯಾಲೋಮೀಥೇನ್ 64 ಮೈಕ್ರೋಗ್ರಾಂ ಎಂದು ಬಂದಿದೆ. ಬ್ರೋಮೋಫಾರ್ಮ್ ಸಿಕ್ಕಿಲ್ಲ. ಉಳಿಕೆ ಕ್ಲೋರಿನ್ 0.4 ಮಿಲಿಗ್ರಾಂ. ಫಿಲ್ಟರ್ ಮಾರುವವರು "ಇದು ಕ್ಯಾನ್ಸರ್ ತರುವ ವಸ್ತು, ಈ ನೀರು ಮುಟ್ಟಬೇಡಿ" ಎನ್ನುತ್ತಾರೆ. ನಮ್ಮ ಮಾವನವರು "ಹಿತ್ತಲ ಬಾವಿ ನೀರೇ ಕುಡಿಯೋಣ, ಅದಕ್ಕೆ ಯಾವ ಕೆಮಿಕಲ್ಲೂ ಬಿದ್ದಿಲ್ಲ" ಎನ್ನುತ್ತಾರೆ. ಹೆಂಡತಿ ನಾಲ್ಕು ತಿಂಗಳ ಗರ್ಭಿಣಿ, ಮೂರು ವರ್ಷದ ಮಗಳಿದ್ದಾಳೆ. ಏನು ಮಾಡಲಿ?

ಉತ್ತರ: ಮನೆಯಲ್ಲಿ ಗರ್ಭಿಣಿ ಇದ್ದಾರೆ, ಚಿಕ್ಕ ಮಗು ಇದೆ ಎಂದ ಮೇಲೆ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಅಂಕಿಗಳನ್ನು ನೋಡಿ ನಲ್ಲಿ ನೀರು ಬಿಡಬೇಕಾಗಿಲ್ಲ. ಕ್ಲೋರಿನ್ ಹಾಕದ ಬಾವಿ ನೀರಿಗಂತೂ ಹೋಗಲೇಬೇಡಿ. ಹಾಗೆಂದು ನಿಮ್ಮ ಆತಂಕಕ್ಕೆ ಬುಡವೇ ಇಲ್ಲ ಎಂದಲ್ಲ. ಟ್ರೈಹ್ಯಾಲೋಮೀಥೇನ್ ಕಡಿಮೆ ಇದ್ದಷ್ಟೂ ಒಳ್ಳೆಯದೇ. ಕಡಿಮೆ ಮಾಡಲು ಮನೆಯಲ್ಲಿ ಒಂದಷ್ಟು ದಾರಿಯಿದೆ, ನೀರು ಸರಬರಾಜು ಮಾಡುವವರ ಕೈಯಲ್ಲಿ ಅದಕ್ಕಿಂತ ದೊಡ್ಡ ದಾರಿಯಿದೆ. ನೀರು ಶುದ್ಧೀಕರಣದ ಲ್ಯಾಬ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ: ನನಗೆ ಹೆಚ್ಚು ಭಯ ಈ ವಸ್ತುಗಳದ್ದಲ್ಲ. ಇವುಗಳಿಗೆ ಹೆದರಿ ಜನ ಕ್ಲೋರಿನ್ನನ್ನೇ ಬಿಟ್ಟುಬಿಡುತ್ತಾರಲ್ಲ, ಅದರ ಭಯ.

ಈ ಟ್ರೈಹ್ಯಾಲೋಮೀಥೇನ್ ನೀರಿಗೆ ಹೇಗೆ ಬಂತು ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಇದನ್ನು ಯಾರೂ ತಂದು ಸುರಿದಿಲ್ಲ. ನದಿ, ಕೆರೆ, ಜಲಾಶಯದ ನೀರಿನಲ್ಲಿ ಎಲೆ, ಬೇರು, ಪಾಚಿ ಕೊಳೆತು ಬಿಟ್ಟ ಸಾವಯವ ಅಂಶ ಕರಗಿರುತ್ತದೆ. ಒಣಗಿದ ಎಲೆ ಬಕೆಟ್ಟಿನಲ್ಲಿ ಎರಡು ದಿನ ನೆನೆದರೆ ನೀರು ಕಂದು ಬಣ್ಣಕ್ಕೆ ತಿರುಗುತ್ತದಲ್ಲ, ಅದೇ ಅಂಶ. ಹ್ಯೂಮಿಕ್ ಆಮ್ಲ, ಫಲ್ವಿಕ್ ಆಮ್ಲ ಎಂದು ಅದರ ಮುಖ್ಯ ಭಾಗಗಳಿಗೆ ಹೆಸರು. ಅದರಷ್ಟಕ್ಕೆ ಅದು ದೊಡ್ಡ ಅಪಾಯದ್ದಲ್ಲ. ಆದರೆ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುವ ಜೊತೆಗೇ ಈ ಸಾವಯವ ಅಂಶದ ಜೊತೆಯೂ ಕೂಡಿಕೊಳ್ಳುತ್ತದೆ. ಆಗ ಹುಟ್ಟುವ ಚಿಕ್ಕ ಚಿಕ್ಕ ಅಣುಗಳನ್ನು ಸೋಂಕುನಿವಾರಣೆಯ ಉಪೋತ್ಪನ್ನಗಳು ಎನ್ನುತ್ತೇವೆ. ಒಂದು ಇಂಗಾಲ, ಒಂದು ಹೈಡ್ರೋಜನ್, ಮೂರು ಕ್ಲೋರಿನ್ ಸೇರಿದರೆ ಕ್ಲೋರೋಫಾರ್ಮ್. ನೀರಿನಲ್ಲಿ ಸ್ವಲ್ಪ ಬ್ರೋಮೈಡ್, ಅಂದರೆ ಬ್ರೋಮಿನ್‌ನ ಲವಣ, ಇದ್ದರೆ ಕ್ಲೋರಿನ್ ಕೂರಬೇಕಾದ ಜಾಗದಲ್ಲಿ ಬ್ರೋಮಿನ್ ಕೂರುತ್ತದೆ. ನಿಮ್ಮ ವರದಿಯ ಉಳಿದ ಹೆಸರುಗಳೆಲ್ಲ ಹಾಗೆ ಬಂದವು. ಈ ನಾಲ್ಕಕ್ಕೂ ಸೇರಿ ಟ್ರೈಹ್ಯಾಲೋಮೀಥೇನ್ ಎಂದು ಹೆಸರು.

ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದು 20ನೇ ಶತಮಾನದ ಮೊದಲ ದಶಕದಲ್ಲೇ ನಗರಗಳಲ್ಲಿ ಶುರುವಾಯಿತು. ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಟೈಫಾಯಿಡ್ ಹರಡಿದಾಗ 1905ರಲ್ಲಿ, ಅಮೆರಿಕದ ಜೆರ್ಸಿ ಸಿಟಿಯಲ್ಲಿ 1908ರಲ್ಲಿ. ಅದರ ಜೊತೆಗೆ ಇನ್ನೇನೋ ಹುಟ್ಟುತ್ತಿದೆ ಎಂದು ಗೊತ್ತಾಗಲು 1974 ಬರಬೇಕಾಯಿತು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜಿನಲ್ಲಿದ್ದ ರಸಾಯನತಜ್ಞ ಯೋಹಾನೆಸ್ ರೂಕ್, ಮುಚ್ಚಿದ ಬಾಟಲಿಯೊಳಗೆ ನೀರಿನ ಮೇಲೆ ನಿಂತ ಗಾಳಿಯನ್ನು ತೆಗೆದು, ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರದಲ್ಲಿ ಪರೀಕ್ಷಿಸಿದರು. ನದಿಯಿಂದ ಬಂದ ಹಸಿ ನೀರಿನಲ್ಲಿ ಇಲ್ಲದ ಕ್ಲೋರೋಫಾರ್ಮ್, ಕ್ಲೋರಿನ್ ಹಾಕಿದ ಮೇಲೆ ಕಾಣಿಸಿತು. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಿನ್ಸಿನಾಟಿ ಲ್ಯಾಬ್‌ನವರೂ ಬೇರೆಯಾಗಿ ಇದನ್ನೇ ಕಂಡುಕೊಂಡರು. 1979ರಲ್ಲಿ ಅಮೆರಿಕ ಲೀಟರಿಗೆ 100 ಮೈಕ್ರೋಗ್ರಾಂ ಮಿತಿ ಹಾಕಿತು, 1998ರ ನಿಯಮದಲ್ಲಿ ಅದು 80ಕ್ಕೆ ಇಳಿಯಿತು. ಇಲ್ಲಿಯವರೆಗೆ 700ಕ್ಕೂ ಹೆಚ್ಚು ಉಪೋತ್ಪನ್ನಗಳನ್ನು ಗುರುತಿಸಿದ್ದಾರೆ. ನಿತ್ಯ ಅಳೆಯುವುದು ಕೈಬೆರಳೆಣಿಕೆಯಷ್ಟನ್ನು ಮಾತ್ರ: ನಾಲ್ಕು ಟ್ರೈಹ್ಯಾಲೋಮೀಥೇನ್‌ಗಳು, ಐದು ಹ್ಯಾಲೋಅಸಿಟಿಕ್ ಆಮ್ಲಗಳು, ಜೊತೆಗೆ ಬ್ರೋಮೇಟ್, ಕ್ಲೋರೈಟ್. ಟ್ರೈಹ್ಯಾಲೋಮೀಥೇನ್ ಜಾಸ್ತಿ ಇದ್ದರೆ ಅಳೆಯದ ಉಳಿದವೂ ಜಾಸ್ತಿ ಇರಬಹುದು. ಅದನ್ನು ಅಳೆಯುವುದರ ಅರ್ಧ ಪ್ರಯೋಜನ ಅಲ್ಲಿದೆ.

ನೀವು ವಾಸನೆಯಿಂದ ಶುರು ಮಾಡಿದಿರಿ. ಇಲ್ಲಿ ಬಹಳ ಜನ ಎಡವುತ್ತಾರೆ. ಮೂಗಿಗೆ ಬಡಿಯುವುದು ಉಳಿಕೆ ಕ್ಲೋರಿನ್, ಅಂದರೆ ರೋಗಾಣು ಕೊಂದ ಮೇಲೂ ನೀರಿನಲ್ಲಿ ಉಳಿದ ಕ್ಲೋರಿನ್; ಟ್ರೈಹ್ಯಾಲೋಮೀಥೇನ್ ಅಲ್ಲ. ಲೀಟರಿಗೆ 64 ಮೈಕ್ರೋಗ್ರಾಂ ಪ್ರಮಾಣದಲ್ಲಿ ಅದಕ್ಕೆ ವಾಸನೆಯೇ ಇಲ್ಲ. ಒಳ್ಳೆಯ ಮೂಲದ, ಚೆನ್ನಾಗಿ ಸೋಸಿದ ನೀರಿಗೆ ಆಗಷ್ಟೇ ಕ್ಲೋರಿನ್ ಬಿದ್ದಿದ್ದರೆ ಘಾಟು ಬರಬಹುದು, ಉಪೋತ್ಪನ್ನ ಅತಿ ಕಡಿಮೆ ಇರಬಹುದು. ಅದೇ ಪೈಪಿನ ಕಟ್ಟಕಡೆಯ ಮನೆಯಲ್ಲಿ ವಾಸನೆ ಏನೂ ಇಲ್ಲದೆ ನೀರು ಸಿಹಿಯಾಗಿ ಬರಬಹುದು, ಅಲ್ಲಿ ಟ್ರೈಹ್ಯಾಲೋಮೀಥೇನ್ ಎರಡು ಪಟ್ಟು ಇರಬಹುದು. ಏಕೆಂದರೆ ಪೈಪಿನಲ್ಲಿ ಹರಿಯುವಾಗಲೂ, ಟ್ಯಾಂಕಿನಲ್ಲಿ ನಿಂತಾಗಲೂ ಕ್ಲೋರಿನ್ ಇರುವವರೆಗೆ ಈ ಕ್ರಿಯೆ ನಡೆಯುತ್ತಲೇ ಇರುತ್ತದೆ. ಹೊತ್ತು ಹೆಚ್ಚಾದಂತೆ, ನೀರು ಬಿಸಿಯಾದಂತೆ, ಪಿಎಚ್ ಏರಿದಂತೆ (ಅಂದರೆ ನೀರಿನ ಹುಳಿ ತಗ್ಗಿ ಕ್ಷಾರ ಹೆಚ್ಚಿದಂತೆ) ಟ್ರೈಹ್ಯಾಲೋಮೀಥೇನ್ ಹೆಚ್ಚುತ್ತದೆ. ಬೇಸಿಗೆಯ ಅಂಕಿ ಚಳಿಗಾಲದ್ದಕ್ಕಿಂತ ಮೇಲಿರುವುದು ಸಾಮಾನ್ಯ. ಮಳೆ ಶುರುವಾಗಿ ಹೊಸ ನೀರು ಕೊಚ್ಚಿಕೊಂಡು ಬರುವ ದಿನಗಳಲ್ಲಿ ಸಾವಯವ ಅಂಶ ಏರುವುದರಿಂದ ಇನ್ನೊಮ್ಮೆ ಜಿಗಿಯುತ್ತದೆ.

ಅಂಕಿಗಳ ಅರ್ಥಕ್ಕೆ ಹೋಗುವ ಮೊದಲು ಒಂದು ವಿಷಯ ಕೇಳಬೇಕು: ಮಾದರಿ ನೀರನ್ನು ಯಾವುದರಲ್ಲಿ ಹಿಡಿದಿರಿ? ಮನೆಯಲ್ಲಿದ್ದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ತುಂಬಿಸಿ ಕೊಟ್ಟಿದ್ದರೆ ಈ ವರದಿಯನ್ನು ನಾನು ನಂಬುವುದಿಲ್ಲ. ಲ್ಯಾಬ್‌ನವರು ಇದಕ್ಕೆಂದೇ ಕಂದು ಗಾಜಿನ 40 ಮಿಲಿಲೀಟರಿನ ಚಿಕ್ಕ ಸೀಸೆ ಕೊಡುತ್ತಾರೆ. ತಳದಲ್ಲಿ ಚಿಟಿಕೆ ಬಿಳಿ ಪುಡಿ ಇರುತ್ತದೆ, ಸೋಡಿಯಂ ಥಯೋಸಲ್ಫೇಟ್ ಅಥವಾ ಆಸ್ಕಾರ್ಬಿಕ್ ಆಮ್ಲ. ಅದು ಉಳಿಕೆ ಕ್ಲೋರಿನ್ನನ್ನು ಅಲ್ಲೇ ಮುಗಿಸಿಬಿಡುತ್ತದೆ. ಇಲ್ಲದಿದ್ದರೆ ಲ್ಯಾಬ್ ತಲುಪುವಷ್ಟರಲ್ಲಿ ಸೀಸೆಯೊಳಗೇ ಹೊಸ ಕ್ಲೋರೋಫಾರ್ಮ್ ಹುಟ್ಟಿ ಅಂಕಿ ಉಬ್ಬುತ್ತದೆ. ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ, ನೀರನ್ನು ನಾಲ್ಕೈದು ನಿಮಿಷ ಹರಿಯಬಿಟ್ಟು, ಆಮೇಲೆ ಸಣ್ಣ ಧಾರೆ ಮಾಡಿ, ಸೀಸೆಯ ಗೋಡೆಗುಂಟ ಇಳಿಯುವಂತೆ ತುಂಬಿಸಬೇಕು. ಪುಡಿ ಕೊಚ್ಚಿ ಹೋಗುವಂತೆ ಉಕ್ಕಿ ಹರಿಸಬಾರದು. ಬಾಯಿಯ ಮೇಲೆ ನೀರು ಉಬ್ಬಿ ನಿಂತಾಗ ಮುಚ್ಚಳ ಬಿಗಿದು, ಸೀಸೆಯನ್ನು ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ ನೋಡಬೇಕು. ಗುಳ್ಳೆಯೊಂದು ಮೇಲೇರಿದರೆ ಆ ಮಾದರಿಯನ್ನು ಚೆಲ್ಲಿ, ಹೊಸ ಸೀಸೆ ತೆಗೆದುಕೊಳ್ಳಬೇಕು. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುವ ವಸ್ತು, ನೀರು ಬಿಟ್ಟು ಗಾಳಿಗೆ ಹೋಗಲು ಕಾಯುತ್ತಿರುತ್ತದೆ. ಸೀಸೆಯಲ್ಲಿ ಗಾಳಿ ಉಳಿದರೆ ಅದು ನೀರಿನಿಂದ ಆ ಗಾಳಿಗೆ ಹೋಗುತ್ತದೆ, ಅಂಕಿ ಸುಳ್ಳಾಗಿ ಇಳಿಯುತ್ತದೆ. ನಿಮ್ಮ ಮಾದರಿಯನ್ನು ಲ್ಯಾಬ್‌ನ ಸಿಬ್ಬಂದಿಯೇ ಬಂದು ಹೀಗೆ ತೆಗೆದಿದ್ದರೆ ಮುಂದಿನ ಲೆಕ್ಕಕ್ಕೆ ಅರ್ಥವಿದೆ.

ಅದು ಸರಿಯಾಗಿದೆ ಎಂದೇ ಇಟ್ಟುಕೊಳ್ಳೋಣ. ಲೀಟರಿಗೆ ಒಂದು ಮೈಕ್ರೋಗ್ರಾಂ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ವಿಶ್ವ ಆರೋಗ್ಯ ಸಂಸ್ಥೆ ನಾಲ್ಕಕ್ಕೂ ಬೇರೆ ಬೇರೆ ಮಿತಿ ಕೊಟ್ಟಿದೆ: ಕ್ಲೋರೋಫಾರ್ಮ್ 300, ಬ್ರೋಮೋಡೈಕ್ಲೋರೋಮೀಥೇನ್ 60, ಉಳಿದೆರಡು ತಲಾ 100. ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡದಲ್ಲೂ ಇವೇ ಅಂಕಿಗಳು, ಕ್ಲೋರೋಫಾರ್ಮ್ ಮಾತ್ರ 200. ಯುರೋಪಿನಲ್ಲಿ ಒಟ್ಟು 100, ಅಮೆರಿಕದಲ್ಲಿ ಒಟ್ಟು 80. ಎಲ್ಲಿಂದ ಅಳೆದರೂ ನಿಮ್ಮ 64 ಮಿತಿಯೊಳಗೇ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇನ್ನೊಂದು ಲೆಕ್ಕ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಒಂದೊಂದನ್ನೂ ಅದರದರ ಮಿತಿಯಿಂದ ಭಾಗಿಸಿ ಕೂಡಿಸಬೇಕು, ಮೊತ್ತ ಒಂದನ್ನು ದಾಟಬಾರದು. 46ನ್ನು 300ರಿಂದ ಭಾಗಿಸಿದರೆ 0.15. 14ನ್ನು 60ರಿಂದ ಭಾಗಿಸಿದರೆ 0.23. 4ನ್ನು 100ರಿಂದ ಭಾಗಿಸಿದರೆ 0.04. ಮೊತ್ತ 0.42ರ ಆಸುಪಾಸು. ಅರ್ಧಕ್ಕಿಂತ ಕೆಳಗೆ. ಗಮನಿಸಿ, ಕ್ಲೋರೋಫಾರ್ಮಿನ ಮೂರನೇ ಒಂದು ಭಾಗವೂ ಇಲ್ಲದ ಬ್ರೋಮೋಡೈಕ್ಲೋರೋಮೀಥೇನ್ ಈ ಲೆಕ್ಕದಲ್ಲಿ ಕ್ಲೋರೋಫಾರ್ಮಿಗಿಂತ ಹೆಚ್ಚು ತೂಗುತ್ತದೆ. ಬ್ರೋಮಿನ್ ಸೇರಿದ ಉಪೋತ್ಪನ್ನಗಳು ಸಾಮಾನ್ಯವಾಗಿ ಹೆಚ್ಚು ಕೆಟ್ಟವು. ಬರೀ ಒಟ್ಟು ಮೊತ್ತವನ್ನು ನೋಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಇನ್ನು "ಕ್ಯಾನ್ಸರ್ ತರುವ ವಸ್ತು" ಎಂಬ ಮಾತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಲೋರೋಫಾರ್ಮ್ ಮತ್ತು ಬ್ರೋಮೋಡೈಕ್ಲೋರೋಮೀಥೇನ್ ಎರಡನ್ನೂ 2ಬಿ ಗುಂಪಿನಲ್ಲಿ ಇಟ್ಟಿದೆ, ಅಂದರೆ "ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇದೆ" ಎಂಬ ಗುಂಪು. ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಈ ಗುಂಪು ಹೇಳುತ್ತದೆ, ಎಷ್ಟು ಕುಡಿದರೆ ಅಪಾಯ ಎಂಬುದನ್ನಲ್ಲ. ಕ್ಲೋರೋಫಾರ್ಮಿನ ಮೇಲೆ ಸಂಶಯ ಗಟ್ಟಿಯಾದದ್ದು 1976ರಲ್ಲಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪ್ರಯೋಗದಿಂದ. ಜೋಳದ ಎಣ್ಣೆಯಲ್ಲಿ ಕಲಸಿ ಭಾರೀ ಪ್ರಮಾಣದಲ್ಲಿ ಒಮ್ಮೆಗೇ ಹೊಟ್ಟೆಗೆ ಇಳಿಸಿದಾಗ ಸುಂಡಿಲಿಗಳ ಯಕೃತ್ತಿನಲ್ಲಿ ಗಡ್ಡೆಗಳಾದವು. ಮುಂದೆ ಕುಡಿಯುವ ನೀರಿನಲ್ಲೇ ಬೆರೆಸಿ ದಿನವಿಡೀ ಗುಟುಕು ಗುಟುಕಾಗಿ ಕುಡಿಯಲು ಬಿಟ್ಟಾಗ ಸುಂಡಿಲಿಗಳ ಯಕೃತ್ತಿನಲ್ಲಿ ಆ ಗಡ್ಡೆಗಳು ಬರಲಿಲ್ಲ. ಜೀವಕೋಶಗಳು ಸುಟ್ಟು ಸತ್ತು, ಮತ್ತೆ ಮತ್ತೆ ಹುಟ್ಟಬೇಕಾದಷ್ಟು ಪೆಟ್ಟು ಬಿದ್ದಾಗ ಮಾತ್ರ ಕ್ಲೋರೋಫಾರ್ಮ್ ಕ್ಯಾನ್ಸರಿಗೆ ದಾರಿ ಮಾಡುತ್ತದೆ, ಅದಕ್ಕಿಂತ ಕೆಳಗೆ ಇಲ್ಲ ಎಂಬ ತಿಳಿವಳಿಕೆ ಹೀಗೆ ಬಂತು. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.015 ಮಿಲಿಗ್ರಾಂವರೆಗೆ ಸಹ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿದೆ. 60 ಕಿಲೋ ತೂಕದವರಿಗೆ 900 ಮೈಕ್ರೋಗ್ರಾಂ. ನಿಮ್ಮ ನೀರನ್ನು ಎರಡು ಲೀಟರ್ ಕುಡಿದರೆ ಒಳಗೆ ಹೋಗುವುದು 92, ಹತ್ತನೇ ಒಂದು ಭಾಗ. ನಿಮ್ಮ ಮಗಳು 14 ಕಿಲೋ ಇದ್ದಾಳೆಂದುಕೊಂಡರೆ ಅವಳಿಗೆ 210, ಒಂದು ಲೀಟರ್ ಕುಡಿದರೆ 46, ಐದನೇ ಒಂದು ಭಾಗದ ಹತ್ತಿರ. ಸ್ನಾನದ ಹಬೆಯಿಂದ, ಚರ್ಮದಿಂದ ಹೋಗುವುದನ್ನು ಸೇರಿಸಿ ಇದನ್ನು ದುಪ್ಪಟ್ಟು ಮಾಡಿದರೂ ಮಿತಿಯೊಳಗೇ.

ಪ್ರಾಣಿಗಳ ವಿಷಯ ಹಾಗಿರಲಿ, ಮನುಷ್ಯರಲ್ಲಿ ಏನು ಕಂಡಿದೆ? ಕಡೆಗಣಿಸಲಾಗದಷ್ಟು ಸಲ ಕಂಡದ್ದು ಮೂತ್ರಕೋಶದ ಕ್ಯಾನ್ಸರ್. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಶಕಗಳ ಕಾಲ ಇಂಥ ನೀರು ಕುಡಿದ ಗಂಡಸರಲ್ಲಿ ಅಪಾಯ ಸುಮಾರು 1.4 ಪಟ್ಟು ಇರುವಂತೆ ಕಾಣುತ್ತದೆ. ಹೆಂಗಸರಲ್ಲಿ ಅಷ್ಟು ಸ್ಪಷ್ಟವಿಲ್ಲ. ನೂರು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುತ್ತದೆ ಎಂದು ಲೆಕ್ಕಕ್ಕೆ ಹಿಡಿಯಿರಿ, 1.4 ಪಟ್ಟು ಎಂದರೆ ಸಾವಿರದಲ್ಲಿ ಹತ್ತು ಜನರ ಬದಲು ಹದಿನಾಲ್ಕು. ಯುರೋಪಿನ 26 ದೇಶಗಳ ನೀರಿನ ಅಂಕಿಗಳನ್ನು ಇಟ್ಟುಕೊಂಡು 2020ರಲ್ಲಿ ಬಂದ ಒಂದು ಅಂದಾಜು, ಅಲ್ಲಿನ ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 5ರಷ್ಟನ್ನು ಟ್ರೈಹ್ಯಾಲೋಮೀಥೇನ್ ಲೆಕ್ಕಕ್ಕೆ ಹಾಕಿತು. ಇದು ಸಣ್ಣದಲ್ಲ, ಆದ್ದರಿಂದಲೇ ಕಡಿಮೆ ಮಾಡಲು ಒತ್ತಾಯಿಸಬೇಕು ಎನ್ನುತ್ತೇನೆ. ಆದರೆ ಅದೇ ಕ್ಯಾನ್ಸರಿನ ಹೆಚ್ಚುಕಡಿಮೆ ಅರ್ಧ ಭಾಗಕ್ಕೆ ಕಾರಣ ತಂಬಾಕಿನ ಹೊಗೆ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುವವರಿದ್ದರೆ, ನೀರಿನ ಮಷೀನಿಗಿಂತ ಮೊದಲು ಅದು ನಿಲ್ಲಲಿ.

ನಿಮ್ಮ ಹೆಂಡತಿಯವರ ವಿಷಯ. 1998ರಲ್ಲಿ ಕ್ಯಾಲಿಫೋರ್ನಿಯಾದಿಂದ ಒಂದು ಅಧ್ಯಯನ ಬಂತು: 75 ಮೈಕ್ರೋಗ್ರಾಂಗಿಂತ ಹೆಚ್ಚು ಟ್ರೈಹ್ಯಾಲೋಮೀಥೇನ್ ಇದ್ದ ನಲ್ಲಿ ನೀರನ್ನು ದಿನಕ್ಕೆ ಐದು ಲೋಟ ಅಥವಾ ಹೆಚ್ಚು ಕುಡಿದ ಗರ್ಭಿಣಿಯರಲ್ಲಿ ಗರ್ಭಪಾತ ಹೆಚ್ಚಿತ್ತು ಎಂದು. ಆಗ ಬಹಳ ಗಾಬರಿಯಾಯಿತು. ಅದನ್ನು ಪರೀಕ್ಷಿಸಲೆಂದೇ ಆಮೇಲೆ ನಡೆಸಿದ, ನೀರನ್ನು ವಾರವಾರ ಅಳೆದ ಅಧ್ಯಯನದಲ್ಲಿ ಆ ಸಂಬಂಧ ಗಟ್ಟಿಯಾಗಿ ಕಾಣಲಿಲ್ಲ. ಪ್ರಮಾಣ ಜಾಸ್ತಿ ಇರುವ ಕಡೆ ಮಗುವಿನ ತೂಕ ತುಸು ಕಡಿಮೆಯಾಗಬಹುದು ಎಂಬ ಸುಳಿವು ಕೆಲವು ಅಧ್ಯಯನಗಳಲ್ಲಿದೆ, ಅದೂ ದುರ್ಬಲವೇ. ಹೀಗಾಗಿ ಅವರು ಹೆದರಿ ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಬೇಡವೇ ಬೇಡ. ಕುದಿಸಿ ಆರಿಸಿದ ನೀರನ್ನು ಧಾರಾಳವಾಗಿ ಕುಡಿಯಲಿ. ಏಕೆ ಕುದಿಸಬೇಕು ಎಂಬುದಕ್ಕೆ ಮುಂದೆ ಬರುತ್ತೇನೆ.

ಮಾವನವರ ಬಾವಿಯ ಮಾತು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಈ ವಿಷಯದಲ್ಲಿ ನಾನು ರಾಜಿಯಾಗಲಾರೆ. ಕೆನಡಾದ ಒಂಟೇರಿಯೋ ಪ್ರಾಂತ್ಯದಲ್ಲಿ ವಾಕರ್ಟನ್ ಎಂಬ ಚಿಕ್ಕ ಊರಿದೆ. ಊರಿಗೆ ನೀರು ಕೊಡುತ್ತಿದ್ದ ಬಾವಿಗಳಲ್ಲಿ ಒಂದು ಅಷ್ಟೇನೂ ಆಳದ್ದಲ್ಲ. 2000ದ ಮೇ ತಿಂಗಳಲ್ಲಿ ಜೋರು ಮಳೆ ಸುರಿದು, ಹತ್ತಿರದ ಜಮೀನಿನಲ್ಲಿ ಹರಡಿದ್ದ ದನದ ಗೊಬ್ಬರದಿಂದ ಇ. ಕೋಲಿ ಒ157 ರೋಗಾಣು ಆ ಬಾವಿಗೆ ಇಳಿಯಿತು. ಕ್ಲೋರಿನ್ ಸಾಲದಷ್ಟು ಬೀಳುತ್ತಿತ್ತು. ಉಳಿಕೆ ಕ್ಲೋರಿನ್ನನ್ನು ಅಳೆಯದೆಯೇ ಪುಸ್ತಕದಲ್ಲಿ ಅಂಕಿ ಬರೆಯುವ ಅಭ್ಯಾಸ ಅಲ್ಲಿತ್ತು ಎಂದು ಆಮೇಲೆ ವಿಚಾರಣೆಯಲ್ಲಿ ಹೊರಬಂತು. ಐದು ಸಾವಿರ ಜನರಿಲ್ಲದ ಊರಿನಲ್ಲಿ ಸುಮಾರು 2,300 ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ಮಕ್ಕಳ ಮೂತ್ರಪಿಂಡಗಳಿಗೆ ಪೆಟ್ಟು ಬಿತ್ತು. ಕೆಲವೇ ದಿನಗಳ ಮಾತು. ಟ್ರೈಹ್ಯಾಲೋಮೀಥೇನ್‌ನ ಲೆಕ್ಕವನ್ನು ದಶಕಗಳಲ್ಲಿ ಮಾಡುತ್ತೇವೆ, ಕೆಟ್ಟ ಬಾವಿಯ ಲೆಕ್ಕ ವಾರದೊಳಗೆ ಮುಗಿಯುತ್ತದೆ. ರೋಗಾಣು ಸೇರಿದ ಕುಡಿಯುವ ನೀರಿನಿಂದ ಬರುವ ಭೇದಿಗೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 5,05,000 ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಉಪೋತ್ಪನ್ನಗಳನ್ನು ತಗ್ಗಿಸುವ ಪ್ರಯತ್ನದಲ್ಲಿ ಸೋಂಕುನಿವಾರಣೆ ಸಡಿಲವಾಗಕೂಡದು ಎಂದು ಅದೇ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ನಿಮ್ಮ ನಲ್ಲಿಯಲ್ಲಿರುವ 0.4 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕಾದ ಮಟ್ಟದಲ್ಲೇ ಇದೆ; 0.2ಕ್ಕಿಂತ ಕೆಳಗೆ ಬಂದರೆ ಚಿಂತಿಸಬೇಕು.

ಮನೆಯಲ್ಲಿ ಏನು ಮಾಡಬಹುದು? ಕುಡಿಯುವ ನೀರನ್ನು ಮುಚ್ಚಳ ತೆಗೆದು, ಕೊತಕೊತ ಕುದಿ ಬಂದ ಮೇಲೆ ನಾಲ್ಕೈದು ನಿಮಿಷ ಹಾಗೇ ಬಿಡಿ. ಟ್ರೈಹ್ಯಾಲೋಮೀಥೇನ್‌ನ ಬಹುಪಾಲು ಹಬೆಯ ಜೊತೆ ಹೋಗಿಬಿಡುತ್ತದೆ. ಅಡುಗೆಮನೆಯ ಕಿಟಕಿ ತೆರೆದಿರಲಿ. ಹ್ಯಾಲೋಅಸಿಟಿಕ್ ಆಮ್ಲಗಳು ಹೀಗೆ ಹಾರಿಹೋಗುವುದಿಲ್ಲ, ಇದನ್ನು ನೆನಪಿಡಿ. ಕುದಿಸಿದ ನೀರಿನಲ್ಲಿ ಕ್ಲೋರಿನ್ ಕೂಡ ಉಳಿದಿರುವುದಿಲ್ಲ, ಅಂದರೆ ಅದಕ್ಕೆ ಕಾವಲಿಲ್ಲ. ಶುಚಿಯಾದ, ಮುಚ್ಚಿದ ಪಾತ್ರೆಯಲ್ಲಿಟ್ಟು, ಕೈ ಅದ್ದದೆ ಬಗ್ಗಿಸಿಕೊಂಡು, ಅಂದಂದಿನದನ್ನು ಅಂದೇ ಮುಗಿಸಿ.

ಫಿಲ್ಟರ್ ಕೊಳ್ಳಲೇಬೇಕೆಂದರೆ ಈ ಕೆಲಸಕ್ಕೆ ಬೇಕಾದದ್ದು ಆಕ್ಟಿವೇಟೆಡ್ ಕಾರ್ಬನ್, ಅದರಲ್ಲೂ ಗಟ್ಟಿಯಾಗಿ ಒತ್ತಿ ಮಾಡಿದ ಕಾರ್ಬನ್ ಬ್ಲಾಕ್. ಯುವಿ ದೀಪ ರೋಗಾಣುಗಳಿಗೆ ಒಳ್ಳೆಯದು, ಟ್ರೈಹ್ಯಾಲೋಮೀಥೇನ್‌ಗೆ ಅದರಿಂದ ಏನೂ ಆಗುವುದಿಲ್ಲ. ಆರ್‌ಒ ಪೊರೆ ಹ್ಯಾಲೋಅಸಿಟಿಕ್ ಆಮ್ಲಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕ್ಲೋರೋಫಾರ್ಮಿನಂಥ ಚಿಕ್ಕ ಅಣು ಒಂದಷ್ಟು ನುಸುಳುತ್ತದೆ. ಆ ಮಷೀನಿನೊಳಗೆ ಅದನ್ನು ಮುಖ್ಯವಾಗಿ ಹಿಡಿಯುವುದು ಪೊರೆಯ ಹಿಂದುಮುಂದಿರುವ ಕಾರ್ಬನ್ ಕಾರ್ಟ್ರಿಜ್‌ಗಳೇ. ಅದೊಂದಕ್ಕಾಗಿ ಆರ್‌ಒ ಹಾಕಿಸಿ ಅರ್ಧಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುವ ಅಗತ್ಯ ನಿಮ್ಮ ವರದಿಯಲ್ಲಿ ನನಗೆ ಕಾಣುತ್ತಿಲ್ಲ.

ಕಾರ್ಬನ್‌ನ ಬಗ್ಗೆ ಮಾರುವವರು ಹೇಳದ ಮಾತೊಂದಿದೆ. ಕ್ಲೋರೋಫಾರ್ಮ್ ಹಿಡಿಯುವ ಶಕ್ತಿ ಕಾರ್ಟ್ರಿಜ್‌ನಲ್ಲಿ ಬೇಗ ಮುಗಿಯುತ್ತದೆ, ಕ್ಲೋರಿನ್ ವಾಸನೆ ತೆಗೆಯುವ ಶಕ್ತಿ ಅದಾದ ಮೇಲೂ ಬಹಳ ಕಾಲ ಉಳಿದಿರುತ್ತದೆ. ವಾಸನೆ ಬರುತ್ತಿಲ್ಲ ಎಂದು ಎರಡು ವರ್ಷ ಅದನ್ನೇ ಇಟ್ಟುಕೊಂಡರೆ ಟ್ರೈಹ್ಯಾಲೋಮೀಥೇನ್ ಹಾಗೇ ದಾಟಿ ಬರುತ್ತಿರುತ್ತದೆ. ಮೇಲಾಗಿ ಕ್ಲೋರಿನ್ ಇಲ್ಲದ ಆ ತೇವದಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಡಬ್ಬಿಯ ಮೇಲೆ ಎಷ್ಟು ಲೀಟರಿಗೆ ಎಂದು ಬರೆದಿರುತ್ತದೋ ಅಷ್ಟಕ್ಕೆ ಬದಲಿಸಿ, ಅದೂ ಟ್ರೈಹ್ಯಾಲೋಮೀಥೇನ್‌ಗೆ ಹೇಳಿದ ಲೀಟರ್ ಲೆಕ್ಕವನ್ನು ಕೇಳಿ ತಿಳಿದು. ಊರಿಂದ ಬಂದ ದಿನ ಮೊದಲ ಒಂದೆರಡು ಲೀಟರ್ ಹರಿಯಬಿಡಿ.

ಸ್ನಾನದ ಕಡೆಗೂ ಗಮನವಿರಲಿ. ಬಿಸಿ ನೀರಿನ ಶವರ್‌ನಲ್ಲಿ ಕ್ಲೋರೋಫಾರ್ಮ್ ಹಬೆಯಾಗಿ ಉಸಿರಿನಲ್ಲಿ ಸೇರುತ್ತದೆ, ಚರ್ಮದ ಮೂಲಕವೂ ಹೋಗುತ್ತದೆ. ಹತ್ತು ನಿಮಿಷದ ಸ್ನಾನದಿಂದ ಸೇರುವುದು ದಿನವಿಡೀ ಕುಡಿಯುವ ನೀರಿನಿಂದ ಸೇರುವಷ್ಟೇ ಆಗಬಹುದು. ಬಾಟಲಿ ನೀರು ತಂದಿಟ್ಟು, ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಅರ್ಧ ಗಂಟೆ ಸುಡುನೀರಿನಲ್ಲಿ ನಿಂತರೆ ಏನೂ ಸಾಧಿಸಿದಂತಾಗುವುದಿಲ್ಲ. ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಹದವಾದ ಬಿಸಿಯಲ್ಲಿ ಬೇಗ ಮುಗಿಸಿ. ಗೀಸರಿನ ನೀರನ್ನು ಕುಡಿಯಲು, ಅಡುಗೆಗೆ ಹಿಡಿಯಬೇಡಿ. ಬಿಸಿಯಲ್ಲಿ ನಿಂತ ನೀರಿನಲ್ಲಿ ಉಪೋತ್ಪನ್ನ ಇನ್ನಷ್ಟು ಹುಟ್ಟಿರುತ್ತದೆ. ಮಹಡಿಯ ಮೇಲಿನ ಟ್ಯಾಂಕಿನ ತಳದಲ್ಲಿ ಕೆಸರು, ಗೋಡೆಗೆ ಪಾಚಿ ಕಟ್ಟಿದ್ದರೆ ಅದನ್ನೂ ಉಜ್ಜಿ ತೊಳೆಸಿ. ಅದು ಕ್ಲೋರಿನ್ನನ್ನು ತಿನ್ನುತ್ತದೆ, ಉಪೋತ್ಪನ್ನಕ್ಕೆ ಕಚ್ಚಾ ವಸ್ತುವಾಗುತ್ತದೆ.

ಇಷ್ಟಾದರೂ ನಿಜವಾದ ಪರಿಹಾರ ಇರುವುದು ಶುದ್ಧೀಕರಣ ಘಟಕದಲ್ಲಿ. ಕ್ಲೋರಿನ್ ಕಡಿಮೆ ಹಾಕುವುದು ಪರಿಹಾರವಲ್ಲ, ಕ್ಲೋರಿನ್ ಬೀಳುವ ಮೊದಲೇ ಆ ಎಲೆ-ಬೇರಿನ ಅಂಶವನ್ನು ತೆಗೆಯುವುದು ಪರಿಹಾರ. ಇದಕ್ಕೆ ನಮ್ಮಲ್ಲಿ ಜಾರ್ ಟೆಸ್ಟ್ ಎಂಬ ಹಳೆಯ ಪರೀಕ್ಷೆಯಿದೆ. ಸಾಲಾಗಿ ಆರು ಬೀಕರ್, ಒಂದೊಂದರಲ್ಲೂ ಒಂದು ಲೀಟರ್ ಹಸಿ ನೀರು, ಮೇಲಿಂದ ಇಳಿದ ಆರು ಕಡ್ಡಿಗಳು ಒಟ್ಟಿಗೆ ತಿರುಗುತ್ತವೆ. ಒಂದೊಂದಕ್ಕೆ ಒಂದೊಂದು ಪ್ರಮಾಣದ ಆಲಂ (ಪಟಿಕ) ಹಾಕಿ, ಒಂದು ನಿಮಿಷ ಜೋರಾಗಿ, ಇಪ್ಪತ್ತು ನಿಮಿಷ ನಿಧಾನವಾಗಿ ತಿರುಗಿಸುತ್ತೇವೆ. ಮಸುಕು ನೀರಿನಲ್ಲಿ ಹತ್ತಿಯ ಎಳೆಯಂಥ ಚೂರುಗಳು ಕೂಡಿಕೊಂಡು ದಪ್ಪವಾಗಿ, ಕಡ್ಡಿ ನಿಲ್ಲಿಸಿದೊಡನೆ ತಳಕ್ಕೆ ಇಳಿಯತೊಡಗುತ್ತವೆ. ಮೂರನೇ ಬೀಕರ್ ಕಣ್ಣಿಗೆ ತಿಳಿಯಾಗಿ ಕಂಡರೆ ಅದೇ ಪ್ರಮಾಣವನ್ನು ಬರೆದುಕೊಂಡು ಹೋಗುವುದು ವಾಡಿಕೆ. ಆದರೆ ಕಣ್ಣಿಗೆ ತಿಳಿಯಾದ ನೀರಿನಲ್ಲೂ ಕರಗಿದ ಸಾವಯವ ಅಂಶ ಉಳಿದಿರುತ್ತದೆ. ಆ ಅಂಶ ಹೀರಿಕೊಳ್ಳುವ 254 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ಹಾಯಿಸಿ ನೋಡಿದರೆ ನಾಲ್ಕನೇ, ಐದನೇ ಬೀಕರಿನಲ್ಲಿ ಅದು ಇನ್ನೂ ಇಳಿದಿರುವುದು ಗೊತ್ತಾಗುತ್ತದೆ. ಸ್ವಲ್ಪ ಹೆಚ್ಚು ಆಲಂ, ತುಸು ಕಡಿಮೆ ಪಿಎಚ್, ಇಷ್ಟರಿಂದಲೇ ಉಪೋತ್ಪನ್ನ ಗಮನಾರ್ಹವಾಗಿ ತಗ್ಗುತ್ತದೆ. ಇನ್ನೊಂದು, ಹಸಿ ನೀರಿಗೇ ಧಾರಾಳವಾಗಿ ಕ್ಲೋರಿನ್ ಸುರಿಯುವ ಪದ್ಧತಿಯನ್ನು ಬಿಟ್ಟು, ಕೆಸರು ಕೂತು ಮರಳು ಫಿಲ್ಟರ್ ದಾಟಿದ ಮೇಲೆ ಹಾಕುವುದು. ಇವೆರಡಕ್ಕೂ ಹೊಸ ಘಟಕ ಕಟ್ಟಬೇಕಾಗಿಲ್ಲ.

ಕ್ಲೋರಿನ್ ಬದಲು ಬೇರೆ ಏನಾದರೂ ಬಳಸಬಾರದೇ ಎಂದು ನಿಮಗೆ ಅನ್ನಿಸಬಹುದು. ಪ್ರತಿಯೊಂದಕ್ಕೂ ಅದರದೇ ಉಪೋತ್ಪನ್ನವಿದೆ. ಓಜೋನ್, ಬ್ರೋಮೈಡ್ ಇರುವ ನೀರಿನಲ್ಲಿ ಬ್ರೋಮೇಟ್ ಹುಟ್ಟಿಸುತ್ತದೆ. ಕ್ಲೋರಿನ್ ಡೈಆಕ್ಸೈಡ್ ಕ್ಲೋರೈಟ್ ಬಿಡುತ್ತದೆ. ಕ್ಲೋರಮೀನ್ ಟ್ರೈಹ್ಯಾಲೋಮೀಥೇನ್‌ಅನ್ನು ತಗ್ಗಿಸುತ್ತದೆ ನಿಜ, ಆದರೆ ಅಮೆರಿಕದ ವಾಷಿಂಗ್ಟನ್ ನಗರ 2000ದಲ್ಲಿ ಅದಕ್ಕೆ ಬದಲಾದಾಗ ಹಳೆಯ ಸೀಸದ ಪೈಪುಗಳ ಒಳಪದರ ಕರಗಿ ಮನೆಮನೆಯ ನೀರಿಗೆ ಸೀಸ ಬಂತು. ಆಮ್‌ಸ್ಟರ್‌ಡ್ಯಾಮ್ 1983ರಿಂದ ಕ್ಲೋರಿನ್ ಇಲ್ಲದೆ ನೀರು ಕೊಡುತ್ತಿದೆ ಎಂಬ ಉದಾಹರಣೆಯನ್ನೂ ಕೆಲವರು ಕೊಡುತ್ತಾರೆ. ಅಲ್ಲಿ ನೀರಿನಿಂದ ಸಾವಯವ ಅಂಶವನ್ನು ಹಲವು ಹಂತಗಳಲ್ಲಿ ತೆಗೆದಿರುತ್ತಾರೆ, ಪೈಪುಗಳು ಸೋರುವುದು ಬಹಳ ಕಡಿಮೆ, ಒತ್ತಡ ದಿನದ 24 ಗಂಟೆಯೂ ಇರುತ್ತದೆ. ನೀರು ಬಿಟ್ಟು ಬಿಟ್ಟು ಬರುವ ಕಡೆ, ಪೈಪು ಖಾಲಿಯಾದಾಗ ಸುತ್ತಲಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿ ಉಳಿಕೆ ಕ್ಲೋರಿನ್ ಇಲ್ಲದೆ ನಡೆಯದು.

ಈಗ ನೀವು ಮಾಡಬೇಕಾದದ್ದು: ನೀರು ಸರಬರಾಜು ಮಾಡುವ ಕಚೇರಿಗೆ ಬರೆದು, ಕಳೆದ ಒಂದು ವರ್ಷದ ಟ್ರೈಹ್ಯಾಲೋಮೀಥೇನ್ ಮತ್ತು ಹ್ಯಾಲೋಅಸಿಟಿಕ್ ಆಮ್ಲಗಳ ಅಂಕಿಗಳನ್ನು ಕೇಳಿ, ಘಟಕದ ಬಾಗಿಲಿನದ್ದಲ್ಲ, ಪೈಪಿನ ಕೊನೆಯ ಮನೆಗಳದ್ದು. ಕ್ಲೋರಿನ್ ಹಾಕುವುದು ಸೋಸುವ ಮೊದಲೋ ಆಮೇಲೋ ಎಂದೂ ಕೇಳಿ. ಇಂಥ ಅಪಾಯವನ್ನು ಒಂದು ದಿನದ ಅಂಕಿಯಿಂದ ಅಳೆಯುವುದಿಲ್ಲ, ಮೂರು ಮೂರು ತಿಂಗಳಿಗೊಮ್ಮೆ ತೆಗೆದ ನಾಲ್ಕು ಅಂಕಿಗಳ ಸರಾಸರಿಯಿಂದ ಅಳೆಯುತ್ತಾರೆ. ಅವರಲ್ಲಿ ದಾಖಲೆ ಇಲ್ಲದಿದ್ದರೆ ನಿಮ್ಮ ಮುಂದಿನ ಪರೀಕ್ಷೆಯನ್ನು ಮಳೆ ಹಿಡಿದ ಮೊದಲ ವಾರಗಳಲ್ಲಿ ಮಾಡಿಸಿ, ಹ್ಯಾಲೋಅಸಿಟಿಕ್ ಆಮ್ಲಗಳನ್ನೂ ಸೇರಿಸಲು ಹೇಳಿ, ಕಂದು ಸೀಸೆಯನ್ನು ಲ್ಯಾಬ್‌ನಿಂದಲೇ ತರಿಸಿ. ಬಾವಿ ನೀರಿನಿಂದಲೂ ಒಂದು ಮಾದರಿ ತೆಗೆದು ಇ. ಕೋಲಿ ಮತ್ತು ನೈಟ್ರೇಟ್ ಪರೀಕ್ಷೆಗೆ ಕೊಡಿ. ಆ ವರದಿ ಬಂದಾಗ ಮಾವನವರ ಕೈಗೇ ಕೊಟ್ಟು ಓದಲು ಹೇಳಿ.